ಲೋಡ್ ಏರಿದ ಮೇಲೆ ಗಾಳಿ: ಮಾವನ ಪಿಕಪ್‌ಗೆ ಕಂಪ್ರೆಸರ್ ಕೂರಿಸಿದ ಕಥೆ

(ಥಾಣೆಯಲ್ಲಿ ಭಾನುವಾರ ನಡೆದ ಮಾತುಕತೆಯ ಪಠ್ಯ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ, ತಡವರಿಕೆಗಳನ್ನು ಮಾತ್ರ ತೆಗೆದಿದ್ದೇವೆ. ಪರದೆಯ ಮೇಲೆ ತೋರಿಸಿದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇವೆ.)

ಹೋದ ತಿಂಗಳು ಇಲ್ಲಿ ಮಾತಾಡಿದವರು ಕ್ಲೌಡ್ ಖರ್ಚು ಕಮ್ಮಿ ಮಾಡೋದು ಹೇಗೆ ಅಂತ ಹೇಳಿದ್ರು. ನಾನು ಇವತ್ತು ಟೈರಿಗೆ ಗಾಳಿ ಹಾಕೋದು ಹೇಗೆ ಅಂತ ಹೇಳೋಕೆ ಬಂದಿದ್ದೀನಿ. (ನಗು) ನಗಬೇಡಿ, ಎಂಟೆಕ್ ಮಾಡಿದವನಿಗೂ ಇದು ಅರ್ಥ ಆಗೋಕೆ ಮೂರು ತಿಂಗಳು ಬೇಕಾಯ್ತು.

ನನ್ನ ಕೆಲಸ ಐರೋಲಿಯಲ್ಲಿ, ಮನೆ ಮುಲುಂಡ್‌ನಲ್ಲಿ. ನಾನು ಮುಂಬಯಿಗೆ ಬಂದಾಗ ಮೊದಲ ಎರಡು ವರ್ಷ ಇದ್ದಿದ್ದು ನಮ್ಮ ಸೋದರಮಾವನ ಮನೆಯಲ್ಲಿ. ಮಾವ ಕುಂದಾಪುರ ಕಡೆಯಿಂದ ಹದಿನೈದನೇ ವಯಸ್ಸಿಗೆ ಇಲ್ಲಿಗೆ ಬಂದವರು. ಹೋಟೆಲಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಹೋಗಿ, ಆಮೇಲೆ ಸ್ವಂತ ಸಪ್ಲೈ ಶುರು ಮಾಡಿದ್ರು. ತೆಂಗಿನಕಾಯಿ, ಬಾಳೆಎಲೆ, ಕರಿಬೇವು. ಬೆಳಗಿನ ಜಾವ ವಾಶಿ ಎಪಿಎಂಸಿ ಮಾರ್ಕೆಟ್‌ನಲ್ಲಿ ಮಾಲು ಎತ್ತಿ, ಐರೋಲಿ ಸೇತುವೆ ದಾಟಿ, ಮುಲುಂಡ್, ಥಾಣೆ, ಡೊಂಬಿವಲಿ ತನಕ ಉಡುಪಿ ಹೋಟೆಲ್‌ಗಳಿಗೆ ಏಳು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಏಳು ದಾಟಿದ್ರೆ ಚಟ್ನಿ ಇಲ್ಲ, ಚಟ್ನಿ ಇಲ್ಲದಿದ್ರೆ ಇಡ್ಲಿ ಇಲ್ಲ, ಸೇಠ್ ಫೋನ್ ಎತ್ತಿ ಬೈತಾನೆ. ಇದಕ್ಕೆಲ್ಲ ಇರೋದು ಒಂದು ಡೀಸೆಲ್ ಪಿಕಪ್, ಒಬ್ಬ ಹೆಲ್ಪರ್ ಹುಡುಗ.

ಮೂರು ವರ್ಷದ ಹಿಂದೆ ಮೇ ಕೊನೆಯಲ್ಲಿ, ಬೆಳಗ್ಗೆ ನಾಲ್ಕೂವರೆಗೆ ಮಾವನ ಫೋನ್. ಐರೋಲಿ ಸೇತುವೆ ಮೇಲೆ ಹಿಂದಿನ ಎಡಗಡೆ ಟೈರ್ ಸಿಡಿದಿದೆ. ಹಿಂದೆ ಎರಡು ಸಾವಿರದಷ್ಟು ಕಾಯಿ, ಅಂದ್ರೆ ಟನ್ ಮೇಲೆ ಭಾರ. ಗಾಡಿ ಎಳೆದುಕೊಂಡು ಹೋಗಿ ಬದಿಯ ಗೋಡೆಗೆ ಉಜ್ಜಿ ನಿಂತಿದೆ. ಮಾವನಿಗೆ ಏನೂ ಆಗಿರಲಿಲ್ಲ. ಎಡಗಡೆ ಕೂತಿದ್ದ ಹುಡುಗನ ಕಾಲರ್ ಬೋನ್ ಮುರಿದಿತ್ತು. ನಾನು ಬೈಕ್ ತಗೊಂಡು ಹೋದಾಗ ಆ ಹುಡುಗ ರಸ್ತೆ ಪಕ್ಕ ಕೂತು, ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದುಕೊಂಡು, ಉರುಳಿ ಹೋಗ್ತಿದ್ದ ಕಾಯಿ ಲೆಕ್ಕ ಹಾಕ್ತಾ ಇದ್ದ. ಹತ್ತೊಂಬತ್ತು ವರ್ಷ ಅವನಿಗೆ.

ಟೈರ್ ಹಳೇದಾಗಿತ್ತಾ ಅಂತ ನೋಡಿದೆ. ಇರಲಿಲ್ಲ, ಒಂದು ವರ್ಷದ್ದು, ಗುಂಡಿ ಚೆನ್ನಾಗೇ ಇತ್ತು. ಆದರೆ ಸೈಡ್‌ವಾಲ್ ಒಳಗಡೆ ಸುತ್ತಲೂ ಕಪ್ಪು ಪುಡಿ, ರಬ್ಬರ್ ಸುಟ್ಟ ಹಾಗೆ. ಪಂಚರ್ ಅಂಗಡಿಯವನು ಒಂದೇ ಮಾತು ಹೇಳಿದ: "ಹವಾ ಕಮ್ಮಿ ಇಟ್ಟು ಓಡಿಸಿದ್ದೀರಿ."

ನಮ್ಮ ಕೆಲಸದಲ್ಲಿ ಏನು ಮಾಡ್ತೀವಿ? ಲಾಗ್ ನೋಡ್ತೀವಿ. ಇಲ್ಲಿ ಲಾಗ್ ಇಲ್ಲ, ಹಾಗಾಗಿ ನಾನೇ ಒಂದು ಗೇಜ್ ಕೊಂಡು ಎರಡು ವಾರ ಉಳಿದ ಟೈರ್‌ಗಳನ್ನ ಅಳೆದೆ. ಬೆಳಗ್ಗೆ ಲೋಡ್ ಆದ ಮೇಲೆ, ಮಧ್ಯಾಹ್ನ ಖಾಲಿ ಬಂದಾಗ, ರಾತ್ರಿ. ಹಿಂದಿನ ಟೈರ್ ಯಾವಾಗ ನೋಡಿದ್ರೂ 38ರಿಂದ 41 ಪಿಎಸ್‌ಐ. ಕ್ಯಾಬಿನ್ ಬಾಗಿಲ ಸ್ಟಿಕ್ಕರ್‌ನಲ್ಲಿ ಲೋಡ್ ಇದ್ದಾಗ 65 ಅಂತ ಬರೆದಿದೆ. ಅಂದ್ರೆ ಗಾಳಿ ಸೋರಿ ಕಮ್ಮಿ ಆಗಿದ್ದಲ್ಲ, ಮಾವ ಬೇಕು ಅಂತಲೇ 40ಕ್ಕೆ ಇಡ್ತಾ ಇದ್ರು.

ಕೇಳಿದೆ. ಅವರು ಹೇಳಿದ್ದು ಕೇಳಿ ನನ್ನ ಬಾಯಿ ಮುಚ್ಚಿತು. "ಅರವತ್ತೈದು ಇಟ್ಟು ಖಾಲಿ ಗಾಡಿಯಲ್ಲಿ ಡೊಂಬಿವಲಿಯಿಂದ ಬಾ ಮಾರಾಯ, ಆಮೇಲೆ ಹೇಳು." ನಾನು ಒಂದು ದಿನ ಓಡಿಸಿದೆ. ಹಿಂದೆ ಲೀಫ್ ಸ್ಪ್ರಿಂಗ್, ಟನ್ನುಗಟ್ಟಲೆ ಭಾರಕ್ಕೆ ಮಾಡಿದ್ದು. ಖಾಲಿ ಇದ್ದಾಗ ಅದು ಬಗ್ಗೋದೇ ಇಲ್ಲ. ಟೈರ್ ಕಲ್ಲಿನ ಹಾಗೆ. ಮುಂಬಯಿ ಗುಂಡಿಗಳ ಮೇಲೆ ಹಿಂಭಾಗ ಎಗರಿ ಎಗರಿ ಬೀಳುತ್ತೆ, ಬ್ರೇಕ್ ಒತ್ತಿದ್ರೆ ಹಿಂದಿನ ಚಕ್ರ ಜಾರುತ್ತೆ, ಮಳೆಯಲ್ಲಂತೂ ಕೇಳೋದೇ ಬೇಡ. ಮಾವನಿಗೆ ಐವತ್ತೈದು ವಯಸ್ಸು, ಸೊಂಟನೋವು. ದಿನದ ಅರ್ಧ ಓಡಾಟ ಲೋಡಲ್ಲಿ, ಅರ್ಧ ಖಾಲಿ. ಎರಡಕ್ಕೂ ಒಂದೇ ನಂಬರ್ ಇಡಬೇಕು ಅಂದಾಗ ಅವರು ಸೊಂಟಕ್ಕೆ ಸರಿಹೋಗೋ ನಂಬರ್ ಇಟ್ಟಿದ್ರು.

ಲೋಡ್ ಆದ ಮೇಲೆ ಗಾಳಿ ಹಾಕಿಸಬಹುದಲ್ಲ? ಪೆಟ್ರೋಲ್ ಪಂಪಲ್ಲಿ ಗಾಳಿ ಫ್ರೀ. ಊರಲ್ಲಿ ಬಂಕ್ ಅಂತೀವಿ, ಇಲ್ಲಿ ಪಂಪ್. ಆದರೆ ಬೆಳಗಿನ ಜಾವ ಮೂರೂವರೆಗೆ ಗಾಳಿ ಮಷಿನ್ ಹತ್ತಿರ ಇರೋ ಹುಡುಗ ಮಲಗಿರ್ತಾನೆ, ಇಲ್ಲಾ ಮಷಿನ್ ಕೆಟ್ಟಿರುತ್ತೆ, ಇಲ್ಲಾ ಟ್ರಕ್ ಸಾಲು. ಹತ್ತು ನಿಮಿಷ, ಹದಿನೈದು ನಿಮಿಷ. ಏಳು ಗಂಟೆ ಚಟ್ನಿ ಕಾಯ್ತಾ ಇದೆ.

40ಕ್ಕೂ 65ಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ಭಾರ ಹೊರೋದು ರಬ್ಬರ್ ಅಲ್ಲ, ಒಳಗಿರೋ ಗಾಳಿ. 65ರ ಬದಲು 40 ಇಟ್ರೆ ಟೈರ್ ಹೊರುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಗುತ್ತೆ. ಉಳಿದ ಭಾರ ಸೈಡ್‌ವಾಲ್ ಮೇಲೆ. ಚಕ್ರ ಒಂದು ಸುತ್ತು ತಿರುಗಿದಾಗ ಅದು ಒಂದು ಸಲ ಮಡಚಿ ಬಿಚ್ಚುತ್ತೆ. ಒಂದು ತಂತೀನ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಹೇಗೆ ಬಿಸಿಯಾಗಿ ಮುರಿಯುತ್ತೋ ಹಾಗೇ ಇದು. ಒಂದೇ ದಿನದಲ್ಲಿ ಆಗೋದಲ್ಲ. ತಿಂಗಳುಗಟ್ಟಲೆ ಒಳಗೊಳಗೇ ನಾರು ಸಡಿಲ ಆಗಿ, ಒಂದು ಬೆಳಗ್ಗೆ ಸೇತುವೆ ಮೇಲೆ ಬಿಟ್ಟುಬಿಡುತ್ತೆ.

ಹಾಗಾಗಿ ಬೇಕಾಗಿದ್ದು ಇಷ್ಟೇ: ಮಾರ್ಕೆಟ್‌ನಲ್ಲಿ ಹಮಾಲರು ಮೂಟೆ ಏರಿಸ್ತಾ ಇರೋವಾಗಲೇ, ಗಾಡಿ ನಿಂತ ಜಾಗದಲ್ಲೇ, ಹಿಂದಿನ ಎರಡು ಟೈರ್ 40ರಿಂದ 65ಕ್ಕೆ ಬರಬೇಕು. ಖಾಲಿ ಆದ ಮೇಲೆ ಗಾಳಿ ಬಿಡೋದು ಸುಲಭ, ಅದಕ್ಕೆ ಯಂತ್ರ ಬೇಡ.

ನಾನು ಮೊದಲು ಮಾಡಿದ ತಪ್ಪು ಎಲ್ಲರೂ ಮಾಡೋದೇ. ಎರಡು ಸಾವಿರದ, ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚೋ ಪಂಪ್ ತಂದೆ. ಪೆಟ್ಟಿಗೆ ಮೇಲೆ ನಿಮಿಷಕ್ಕೆ 35 ಲೀಟರ್ ಅಂತ ಬರೆದಿತ್ತು. ಲೆಕ್ಕ ಹಾಕೋಣ. ಮಾವನ ಗಾಡಿಯ ಟೈರ್ ಒಳಗಿನ ಜಾಗ ಅಂದಾಜು 45 ಲೀಟರ್. ವಾತಾವರಣದ ಒತ್ತಡ 14.7 ಪಿಎಸ್‌ಐ. 40ರಿಂದ 65 ಅಂದ್ರೆ 25 ಪಿಎಸ್‌ಐ, ಅದು 1.7 ವಾತಾವರಣ. 45ಕ್ಕೆ ಗುಣಿಸಿ: ಸುಮಾರು 77 ಲೀಟರ್ ಹೊರಗಿನ ಗಾಳಿ ಒಳಗೆ ತಳ್ಳಬೇಕು. ನಿಮಿಷಕ್ಕೆ 35 ಆದ್ರೆ ಎರಡು ಕಾಲು ನಿಮಿಷ, ಅಲ್ವಾ? ಆಗಿದ್ದು ಆರೂವರೆ ನಿಮಿಷ, ಒಂದು ಟೈರಿಗೆ.

ಯಾಕೆ ಅಂದ್ರೆ ಪೆಟ್ಟಿಗೆ ಮೇಲಿನ ನಂಬರ್ ಸೊನ್ನೆ ಒತ್ತಡದಲ್ಲಿ ಅಳೆದಿದ್ದು. ಪೈಪ್ ಬಾಯಿ ತೆರೆದಿಟ್ಟು, ಎದುರು ಯಾರೂ ತಳ್ಳದೇ ಇದ್ದಾಗ. ನಮ್ಮ ಮಾರಾಟದ ಸ್ಲೈಡ್‌ಗಳಲ್ಲಿ ಖಾಲಿ ಸರ್ವರ್ ಮೇಲೆ ಬೆಂಚ್‌ಮಾರ್ಕ್ ಮಾಡಿ ತೋರಿಸ್ತಾರಲ್ಲ, ಅದೇ ಕಥೆ. 60 ಪಿಎಸ್‌ಐ ಎದುರಿಗೆ ಅದೇ ಪಂಪ್ ನಿಮಿಷಕ್ಕೆ 12 ಲೀಟರ್ ಕೊಡ್ತಿತ್ತು. ಜೊತೆಗೆ ಡ್ಯೂಟಿ ಸೈಕಲ್ ಅಂತ ಒಂದಿದೆ: ಇಷ್ಟು ನಿಮಿಷ ಓಡಿದ್ರೆ ಇಷ್ಟು ನಿಮಿಷ ತಣ್ಣಗಾಗಬೇಕು. ಇದು ಹತ್ತು ನಿಮಿಷ ಓಡಿ ಅರ್ಧ ಗಂಟೆ ಮಲಗಬೇಕಿತ್ತು. ಎರಡನೇ ಟೈರ್ ಮುಗಿಯೋ ಮೊದಲೇ ಅದರ ಸಮಯ ಮುಗೀತಿತ್ತು. ಮಾವ ಮಲಗೋಕೆ ಬಿಡಲಿಲ್ಲ. ಮೂರನೇ ವಾರ ಸುಟ್ಟು ಹೋಯ್ತು. ಪಂಪ್ ತಪ್ಪಲ್ಲ, ಅದು ಕಾರಿಗೆ ಮಾಡಿದ್ದು.

ಆಮೇಲೆ ಶುರುವಾಯ್ತು ನೋಡಿ ನನ್ನ ಇಂಜಿನಿಯರಿಂಗ್. ಗಾಡಿಗೇ ಶಾಶ್ವತವಾಗಿ ಒಂದು ಕಂಪ್ರೆಸರ್ ಕೂರಿಸೋದು ಅಂತ ತೀರ್ಮಾನ. ಆದರೆ ಯಾವ ತರಹದ್ದು?

ದೊಡ್ಡ ಲಾರಿಗಳಿಗೆ ಈ ಸಮಸ್ಯೆ ಇಲ್ಲ. ಅವಕ್ಕೆ ಏರ್ ಬ್ರೇಕ್, ಇಂಜಿನ್ನೇ ತಿರುಗಿಸೋ ಕಂಪ್ರೆಸರ್ ಹುಟ್ಟಿನಿಂದಲೇ ಇರುತ್ತೆ. ಬಹಳಷ್ಟು ಲಾರಿಗಳಲ್ಲಿ ಟೈರಿಗೆ ಗಾಳಿ ತಗೊಳ್ಳೋಕೆ ಅಂತಲೇ ಒಂದು ಬಾಯಿ ಕೊಟ್ಟಿರ್ತಾರೆ. ಪಿಕಪ್‌ನಲ್ಲಿ ಇರೋದು ಹೈಡ್ರಾಲಿಕ್ ಬ್ರೇಕ್, ಅದಕ್ಕೆ ವ್ಯಾಕ್ಯೂಮ್ ಬೂಸ್ಟರ್. ಡೀಸೆಲ್ ಇಂಜಿನ್ನಿನ ಇನ್‌ಟೇಕ್‌ನಲ್ಲಿ ಪೆಟ್ರೋಲ್ ಗಾಡಿಯಷ್ಟು ವ್ಯಾಕ್ಯೂಮ್ ಹುಟ್ಟಲ್ಲ, ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಇಟ್ಟಿರ್ತಾರೆ. ಒಬ್ಬ ಮೆಕ್ಯಾನಿಕ್ ಅದನ್ನೇ ತಿರುಗಿಸಿ ಹಾಕೋಣ ಅಂದ. ನಾನು ಅಲ್ಲಿಂದ ಎದ್ದು ಬಂದೆ. ಅದು ಬ್ರೇಕಿನ ಜೀವ, ಅದನ್ನ ಯಾರೂ ಮುಟ್ಟಬಾರದು.

ಹಳೇ ಪೆಟ್ರೋಲ್ ಜೀಪ್ ಕಾಲದಲ್ಲಿ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಸಣ್ಣ ಪಂಪ್ ತಿರುಗಿಸಿ, ಒಂದು ಸಿಲಿಂಡರನ್ನೇ ಕಂಪ್ರೆಸರ್ ಮಾಡಿಕೊಳ್ತಿದ್ರು. ಚಂದದ ಉಪಾಯ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಮುಗೀತು.

ಇನ್ನೊಂದು ದಾರಿ ನನಗೆ ನಿಜಕ್ಕೂ ಆಸೆ ಹುಟ್ಟಿಸಿತ್ತು. ಮಾವನ ಗಾಡಿಗೆ ಏಸಿ ಇಲ್ಲ. ಏಸಿ ಕಂಪ್ರೆಸರ್ ಕೂರೋ ಜಾಗ ಖಾಲಿ. ಗುಜರಿಯಲ್ಲಿ ಒಂದು ಏಸಿ ಕಂಪ್ರೆಸರ್ ತಂದು ಬೆಲ್ಟ್ ಹಾಕಿ ಗಾಳಿ ಎಳೆಸಿದ್ರೆ, ವಿದ್ಯುತ್ ಪಂಪಿನ ಎಷ್ಟೋ ಪಟ್ಟು ಗಾಳಿ. ಜನ ಮಾಡ್ತಾರೆ. ತೊಂದರೆ ಏನಂದ್ರೆ, ಈಗಿನ ಏಸಿ ಕಂಪ್ರೆಸರ್‌ಗಳಲ್ಲಿ ಎಣ್ಣೆ ಸುತ್ತೋದು ಗ್ಯಾಸ್ ಜೊತೆಗೇ. ಬರೀ ಗಾಳಿ ಎಳೆದ್ರೆ ಎಣ್ಣೆ ಗಾಳಿ ಜೊತೆ ಹೊರಗೆ ಹೋಗಿ ಒಳಗೆ ಒಣಗಿ ಕಚ್ಚಿಕೊಳ್ಳುತ್ತೆ. ಹಾಗಾಗಿ ಒಳಗೆ ಎಣ್ಣೆ ಹನಿಸೋಕೆ ಒಂದು ವ್ಯವಸ್ಥೆ, ಹೊರಗೆ ಎಣ್ಣೆ ಬೇರೆ ಮಾಡೋಕೆ ಇನ್ನೊಂದು. ನನ್ನಂಥವನಿಗೆ ವಾರಾಂತ್ಯದ ಆಟ. ಆದರೆ ದಿನಾ ಬೆಳಗ್ಗೆ ಮೂರು ಗಂಟೆಗೆ ಏಳೋ ಮನುಷ್ಯನಿಗೆ ಅದನ್ನ ಕೊಟ್ರೆ ಅದು ಶಿಕ್ಷೆ. ಬಿಟ್ಟೆ.

ಕೊನೆಗೆ ಆರಿಸಿದ್ದು 12 ವೋಲ್ಟಿನ, ಬ್ಯಾಟರಿಗೆ ನೇರ ಸೇರೋ, 28 ಆಂಪ್ ಎಳೆಯೋ ಪಂಪ್. ಹನ್ನೆರಡು ಸಾವಿರ ಚಿಲ್ಲರೆ. ಇದರ ಜೊತೆ ಬಂದ ಕೋಷ್ಟಕದಲ್ಲಿ ಬೇರೆ ಬೇರೆ ಒತ್ತಡಕ್ಕೆ ಎಷ್ಟು ಲೀಟರ್ ಅಂತ ಇತ್ತು, 60ರ ಹತ್ತಿರ ನಿಮಿಷಕ್ಕೆ ಸುಮಾರು 35. ನೀವು ಕೊಳ್ಳೋದಾದ್ರೆ ಆ ಕೋಷ್ಟಕ ಇಲ್ಲದ ಪಂಪ್ ಕೊಳ್ಳಲೇಬೇಡಿ.

ಟ್ಯಾಂಕ್ ಹಾಕ್ಬೇಕಾ? ನಾನು ಐದು ಲೀಟರಿನ ಟ್ಯಾಂಕ್ ನೋಡಿಟ್ಟಿದ್ದೆ, ಕೆಂಪು ಬಣ್ಣದ್ದು, ಬಹಳ ಚಂದ ಇತ್ತು. ಲೆಕ್ಕ ಹಾಕಿದೆ. 120 ಪಿಎಸ್‌ಐ ತುಂಬಿದ ಐದು ಲೀಟರ್ ಟ್ಯಾಂಕ್, 60ಕ್ಕೆ ಇಳಿಯೋ ತನಕ ಕೊಡೋ ಗಾಳಿ 20 ಲೀಟರ್. ಒಂದು ಟೈರಿಗೆ ಬೇಕಾಗಿದ್ದು 77. ಮುಂಬಯಿ ತೇವಕ್ಕೆ ಟ್ಯಾಂಕ್ ತಳದಲ್ಲಿ ನೀರು ನಿಲ್ಲುತ್ತೆ, ಲಾರಿಯವರ ಹಾಗೆ ದಿನಾ ಡ್ರೈನ್ ಬಿಡಬೇಕು, ಬಿಡದಿದ್ರೆ ತುಕ್ಕು. ಟ್ಯಾಂಕ್ ಚಂದಕ್ಕೆ, ಇಲ್ಲಾ ಹಾರ್ನಿಗೆ. ಮಾವನ ಮಗ ಅದಕ್ಕೇ ಕಾಯ್ತಾ ಇದ್ದ, "ದಾದಾ, ಅದರಿಂದ ಪ್ರೆಶರ್ ಹಾರ್ನ್ ಹಾಕಬಹುದಲ್ಲ?" ಹಾಕೋ ಹಾಗಿಲ್ಲ ತಮ್ಮ, ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಹಲವು ಸ್ವರದ, ಕರ್ಕಶ ಹಾರ್ನ್‌ಗೆ ಅವಕಾಶ ಇಲ್ಲ. ಅವನು ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಈಗ ವೈರಿಂಗ್. ದಯವಿಟ್ಟು ಇಲ್ಲಿ ನಿದ್ದೆ ಮಾಡಬೇಡಿ, ಗಾಡಿ ಸುಡೋದು ಇಲ್ಲೇ.

ಬ್ಯಾಟರಿ ಬಾನೆಟ್ ಕೆಳಗೆ, ಪಂಪ್ ಕ್ಯಾಬಿನ್ ಹಿಂದೆ. ನಾಲ್ಕು ಮೀಟರ್ ಹೋಗೋಕೆ, ನಾಲ್ಕು ಬರೋಕೆ. ಭಾಂಡುಪ್‌ನಲ್ಲಿ ನಮಗೆ ಗೊತ್ತಿದ್ದ ಆಟೋ ಎಲೆಕ್ಟ್ರಿಷಿಯನ್ ಕೈಗೆ ಸಿಕ್ಕ 2.5 ಸ್ಕ್ವೇರ್ ಎಂಎಂ ವೈರ್ ತೆಗೆದ. ಮನೆಯಲ್ಲಿ ಗೀಸರ್‌ಗೆ ಹಾಕೋದು ಅದೇ ಅಲ್ವಾ ಸಾಬ್ ಅಂದ. ಗೀಸರ್‌ನಲ್ಲಿ 230 ವೋಲ್ಟ್, ಒಂದೂವರೆ ವೋಲ್ಟ್ ದಾರಿಯಲ್ಲಿ ಹೋದ್ರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಇರೋದೇ 12. ಆ ವೈರ್ ಒಂದು ಮೀಟರ್‌ಗೆ ಸುಮಾರು 7.4 ಮಿಲಿ ಓಮ್, ಎಂಟು ಮೀಟರ್‌ಗೆ 59. 28 ಆಂಪ್ ಹರಿದ್ರೆ 1.65 ವೋಲ್ಟ್ ವೈರಲ್ಲೇ ಮಾಯ. 46 ವಾಟ್ ಶಾಖ, ಒಂದು ಸೋಲ್ಡರಿಂಗ್ ಐರನ್ ಹಚ್ಚಿಟ್ಟ ಹಾಗೆ. ಅದೂ ಡೀಸೆಲ್ ಪೈಪ್ ಪಕ್ಕದಲ್ಲಿ ಹೋಗೋ ವೈರ್. 10 ಸ್ಕ್ವೇರ್ ಹಾಕಿದ್ರೆ ನಷ್ಟ 0.4 ವೋಲ್ಟ್. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ತಂದೆ. ವಾಪಸ್ ಬರೋಕೂ ಅದೇ ವೈರ್, ಚಾಸಿಗೆ ಅರ್ತ್ ಕಚ್ಚಿಸಲಿಲ್ಲ. ಈ ಉಪ್ಪುಗಾಳಿಗೆ ಚಾಸಿ ಬೋಲ್ಟ್ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೆ.

ಫ್ಯೂಸ್ ವಿಷಯದಲ್ಲಿ ಅವನಿಗೂ ನನಗೂ ಒಂದು ಗಂಟೆ ಜಗಳ. ಅವನು ಫ್ಯೂಸ್ ಅನ್ನ ಪಂಪ್ ಪಕ್ಕ ಹಾಕಿದ್ದ. ಪಂಪ್ ಉಳಿಸೋಕೆ ಅಲ್ವಾ ಫ್ಯೂಸ್ ಇರೋದು? ಅಲ್ಲ. ಫ್ಯೂಸ್ ಇರೋದು ವೈರ್ ಉಳಿಸೋಕೆ. ನಡುವೆ ಎಲ್ಲೋ ವೈರ್ ಉಜ್ಜಿ ಚಾಸಿಗೆ ತಗುಲಿದ್ರೆ ಬ್ಯಾಟರಿ ನೂರಾರು ಆಂಪ್ ಸುರಿಯುತ್ತೆ. ಆಗ ಫ್ಯೂಸ್ ವೈರಿನ ಆ ತುದಿಯಲ್ಲಿದ್ರೆ ಅದರ ಮೂಲಕ ಏನೂ ಹರಿಯೋದೇ ಇಲ್ಲ, ಅದು ಆರಾಮಾಗಿ ನೋಡ್ತಾ ಇರುತ್ತೆ, ಗಾಡಿ ಉರಿಯುತ್ತೆ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 40 ಆಂಪ್ ಫ್ಯೂಸ್. ಕೊನೆಗೆ ಅವನು ಒಪ್ಪಿದ. ಹೋಗೋವಾಗ ಒಂದು ಮಾತು ಹೇಳಿದ: "ಹದಿನೆಂಟು ವರ್ಷದಿಂದ ಉಲ್ಟಾ ಹಾಕ್ತಾ ಇದ್ದೀನಿ, ಯಾರೂ ಹೇಳಲಿಲ್ಲ." ನನಗೆ ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. ಅವನು ಹಾಕಿದ ಅಷ್ಟೂ ಗಾಡಿಗಳು ಈಗಲೂ ಓಡ್ತಾ ಇವೆ.

ಪಂಪ್ ಎಲ್ಲಿಡೋದು? ಬಾನೆಟ್ ಕೆಳಗೆ ಇಂಜಿನ್ ಬಿಸಿ, ಮೊದಲೇ ಬಿಸಿಯಾಗೋ ಪಂಪಿಗೆ ಅದು ಇನ್ನೂ ಕಷ್ಟ. ಡಾಲಾ ಕೆಳಗೆ ಚಾಸಿ ಪಕ್ಕ ಜಾಗ ಇದೆ. ಆದರೆ ಇದು ಮುಂಬಯಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರು. ಅಷ್ಟು ಬೇಡ, ಮಾಮೂಲಿ ಜುಲೈನಲ್ಲೂ ವರ್ಷಕ್ಕೆ ನಾಲ್ಕೈದು ಸಲ ನೀರು ಚಕ್ರದ ಮಧ್ಯದ ತನಕ ಬರುತ್ತೆ. ಹಾಗಾಗಿ ಕ್ಯಾಬಿನ್ ಬೆನ್ನಿಗೂ ಡಾಲಾದ ಮುಂದಿನ ಕಂಬಿಗೂ ನಡುವೆ ಇರೋ ಸಂದಿಯಲ್ಲಿ, ಎದೆಮಟ್ಟದಲ್ಲಿ, ಒಂದು ತಗಡಿನ ತಟ್ಟೆ ಮೇಲೆ ಕೂರಿಸಿದ್ವಿ. ಕಂಬಿಗೆ ಕ್ಲಾಂಪ್ ಹಾಕಿದ್ದು. ಚಾಸಿಗೆ ತೂತು ಕೊರೆಯಲಿಲ್ಲ, ವೆಲ್ಡಿಂಗ್ ಮಾಡಲಿಲ್ಲ. ಮೇಲೆ ಮಳೆಗೆ ಒಂದು ಮುಚ್ಚಳ, ಗಾಳಿ ಎಳೆಯೋ ಫಿಲ್ಟರ್ ಮುಚ್ಚಳದ ಒಳಗೆ.

ನನ್ನ ದೊಡ್ಡ ಅವಿವೇಕ ಇನ್ನೂ ಹೇಳಿಲ್ಲ. ನಾಗದೇವಿ ಸ್ಟ್ರೀಟಿನಲ್ಲಿ ಹಿತ್ತಾಳೆ ಫಿಟ್ಟಿಂಗ್ ತರೋಕೆ ಹೋದಾಗ ನೀಲಿ ಬಣ್ಣದ ಪಿಯು ಪೈಪ್ ಕಂಡಿತು. 10 ಬಾರ್ ತಡೆಯುತ್ತೆ ಅಂತ ಬರೆದಿತ್ತು, ನಮಗೆ ಬೇಕಾಗಿದ್ದು ಐದು ಬಾರ್ ಕೂಡ ಇಲ್ಲ. ತಂದು ನೇರ ಪಂಪ್ ಬಾಯಿಗೆ ಹಾಕಿದೆ. ಎರಡನೇ ದಿನ, ಎರಡನೇ ಟೈರ್ ಮಧ್ಯದಲ್ಲಿ ಢಬ್ ಅಂತ ಕಿತ್ತುಕೊಂಡು ಹಾವಿನ ಹಾಗೆ ಹೊಡೆದಾಡಿ ಸೈಡ್ ಮಿರರ್ ಒಡೆದು ಹಾಕಿತು. ಪಕ್ಕದಲ್ಲಿ ನಿಂತಿದ್ದು ಅದೇ ಹುಡುಗ, ಆರು ವಾರ ಪಟ್ಟಿ ಹಾಕಿಕೊಂಡು ಕೆಲಸಕ್ಕೆ ವಾಪಸ್ ಬಂದು ನಾಲ್ಕೇ ದಿನ ಆಗಿತ್ತು. ಅವನಿಗೆ ತಗುಲಲಿಲ್ಲ. ಅವತ್ತು ನಾನು ಆಫೀಸಿಗೆ ಹೋಗಲಿಲ್ಲ.

ಒತ್ತಡದ ಲೆಕ್ಕ ಮಾಡಿದ್ದೆ, ಶಾಖದ್ದು ಮಾಡಿರಲಿಲ್ಲ. ಸೈಕಲ್ ಪಂಪ್ ಹೊಡೆಯೋವಾಗ ತುದಿ ಬಿಸಿ ಆಗುತ್ತಲ್ಲ, ಅದೇ. 30 ಡಿಗ್ರಿ ಗಾಳಿಯನ್ನ 65 ಪಿಎಸ್‌ಐಗೆ ಒಮ್ಮೆಲೇ ಒತ್ತಿದ್ರೆ ಪುಸ್ತಕದ ಲೆಕ್ಕದಲ್ಲಿ 200 ಡಿಗ್ರಿ ದಾಟುತ್ತೆ. ಲೋಹ ಒಂದಿಷ್ಟು ಎಳೆದುಕೊಳ್ಳುತ್ತೆ, ನಿಜದಲ್ಲಿ ಅಷ್ಟಿಲ್ಲ, ಆದರೂ ಬಾಯಿ ಹತ್ತಿರ ಕೈ ಇಡೋಕೆ ಆಗಲ್ಲ. ಪಿಯು ಪೈಪ್ 60 ಡಿಗ್ರಿ ಆಸುಪಾಸಿಗೇ ಮೆತ್ತಗಾಗೋಕೆ ಶುರು. 10 ಬಾರ್ ಅನ್ನೋದು ತಣ್ಣಗಿದ್ದಾಗಿನ ನಂಬರ್. ಮತ್ತೆ ಅದೇ ಪೆಟ್ಟಿಗೆ ಮೇಲಿನ ನಂಬರ್ ಕಥೆ, ಈ ಸಲ ಬಿದ್ದವನು ನಾನು. ಈಗ ಪಂಪ್ ಬಾಯಿಂದ ಅರ್ಧ ಮೀಟರ್ ಸ್ಟೀಲ್ ಹೆಣಿಗೆಯ ಹೋಸ್, ಅಲ್ಲಿಂದ ಮುಂದೆ ದಪ್ಪ ರಬ್ಬರ್ ಹೋಸ್. ಟ್ಯಾಂಕ್ ಇಲ್ಲದ ಕಾರಣ ನಾಜಲ್ ಮುಚ್ಚಿದ್ರೆ ಒತ್ತಡ ಕ್ಷಣದಲ್ಲಿ ಏರುತ್ತೆ, ಹಾಗಾಗಿ 100 ಪಿಎಸ್‌ಐಗೆ ಪಂಪ್ ನಿಲ್ಲಿಸೋ ಪ್ರೆಶರ್ ಸ್ವಿಚ್, ಅದೂ ಕೈಕೊಟ್ರೆ ಅಂತ ಒಂದು ಸೇಫ್ಟಿ ವಾಲ್ವ್.

ಇನ್ನು ಕಂಟ್ರೋಲ್. ನಾನು ಏನು ಮಾಡಿರ್ತೀನಿ ಅಂತ ನಿಮಗೆ ಗೊತ್ತಿದೆ. (ನಗು) ಹೌದು, ಸಣ್ಣ ವೈಫೈ ಬೋರ್ಡ್, ಸೆನ್ಸರ್, ಫೋನ್‌ನಲ್ಲಿ ಆ್ಯಪ್, ಎಷ್ಟು ಬೇಕೋ ಒತ್ತಿದ್ರೆ ಅಷ್ಟಕ್ಕೆ ನಿಲ್ಲೋದು, ಕನ್ನಡದಲ್ಲಿ ಮೆಸೇಜ್ ಬೇರೆ. ಮೂರು ವಾರಾಂತ್ಯ ಹೋಯ್ತು. ಮಾವ ನೋಡಿ, "ಎಂತ ಮಾರಾಯ ಇದು, ಗಾಳಿ ಹಾಕುಕೆ ಕಂಪ್ಯೂಟರ್ ಬೇಕಾ? ಕೈಯಲ್ಲಿ ಕಾಯಿ ಸಿಪ್ಪೆ ಮಣ್ಣು ಇರುತ್ತೆ, ಫೋನ್ ಎಲ್ಲಿ ಮುಟ್ಟೂದು?" ಎಲ್ಲಾ ಕಿತ್ತು ಹಾಕಿದೆ. ಈಗ ಇರೋದು ಒಂದು ಟಾಗಲ್ ಸ್ವಿಚ್, ಒಂದು ಕೆಂಪು ದೀಪ, ಒಂದು ರಿಲೇ, ಹೋಸಿನ ತುದಿಯಲ್ಲಿ ಮುಳ್ಳಿನ ಗೇಜ್. ಇಗ್ನಿಷನ್ ಆನ್ ಇದ್ರೆ ಮಾತ್ರ ರಿಲೇ ಎಳೆಯುತ್ತೆ. ಇಂಜಿನ್ ಓಡ್ತಾ ಇರೋವಾಗಲೇ ಹಾಕಬೇಕು ಅಂತ ಸ್ವಿಚ್ ಪಕ್ಕ ಬರೆದಿದ್ದೀನಿ. ಡೀಸೆಲ್ ಇಂಜಿನ್ ಸ್ಟಾರ್ಟ್ ಆಗೋಕೆ ಬ್ಯಾಟರಿಗೆ ಬಹಳ ಜೋರು ಬೇಕು; ಪಂಪ್ ಅದನ್ನ ಕುಡಿದು ಬಿಟ್ರೆ ಮಾರ್ಕೆಟ್‌ನಲ್ಲಿ ತಳ್ಳಬೇಕಾಗುತ್ತೆ, ಟನ್ ಕಾಯಿ ಸಮೇತ.

ಒಟ್ಟು ಖರ್ಚು ಹದಿನಾರು ಸಾವಿರ, ಒಡೆದ ಮಿರರ್ ಸೇರಿಸದೆ. ಒಂದು ಟೈರಿಗೆ ಎರಡೂವರೆ ನಿಮಿಷದ ಒಳಗೆ. ಎರಡಕ್ಕೂ ಹೋಸ್ ಎಳೆಯೋದು ಸೇರಿ ಆರು ನಿಮಿಷ. ಲೋಡಿಂಗ್‌ಗೆ ಹೇಗೂ ಅರ್ಧ ಗಂಟೆ ಬೇಕು.

ಪ್ರಶ್ನೆಗಳನ್ನ ತಗೊಳ್ಳೋಣ.

ಪ್ರಶ್ನೆ: ಗಾಡಿಯಲ್ಲಿ ಟರ್ಬೋ ಇದೆಯಲ್ಲ ಸರ್, ಅದೇ ಗಾಳಿ ಒತ್ತುತ್ತೆ. ಅಲ್ಲಿಂದ ಒಂದು ಪೈಪ್ ಎಳೆದ್ರೆ ಆಗಲ್ವಾ?

ಒಳ್ಳೇ ಪ್ರಶ್ನೆ, ನಾನೂ ಯೋಚಿಸಿದ್ದೆ. ಟರ್ಬೋ ಕೊಡೋದು ವಾತಾವರಣದ ಮೇಲೆ ಹದಿನೈದು ಇಪ್ಪತ್ತು ಪಿಎಸ್‌ಐ ಅಂದಾಜು, ಅದೂ ಇಂಜಿನ್ ಮೇಲೆ ಭಾರ ಇದ್ದಾಗ. ನಿಂತ ಗಾಡಿಯಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಟೈರ್ ಒಳಗೆ 40 ಇದ್ರೆ ಗಾಳಿ ಟೈರಿಂದ ಇಂಜಿನ್ನಿಗೆ ಬರುತ್ತೆ.

ಪ್ರಶ್ನೆ: ಲೀಗಲ್ಲಾ ಇದು? ಆರ್‌ಟಿಓ ಹಿಡಿಯಲ್ವಾ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ ಬಂತು: ತಯಾರಕರು ಕೊಟ್ಟ ಮೂಲ ಸ್ಪೆಸಿಫಿಕೇಶನ್ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ. ಅದಕ್ಕೇ ನಾನು ಚಾಸಿ, ಬ್ರೇಕ್, ಇಂಜಿನ್, ಮೂಲ ವೈರಿಂಗ್ ಯಾವುದನ್ನೂ ಮುಟ್ಟಲಿಲ್ಲ. ನಾಲ್ಕು ಕ್ಲಾಂಪ್ ಬಿಚ್ಚಿದ್ರೆ ಗಾಡಿ ಮೊದಲಿದ್ದ ಹಾಗೆ. ಹಳದಿ ಬೋರ್ಡ್ ಗಾಡಿ, ಫಿಟ್‌ನೆಸ್‌ಗೆ ಹೋಗಲೇಬೇಕು; ಒಂದು ಸಲ ಹೋಗಿ ಬಂದಿದೆ, ಇನ್ಸ್‌ಪೆಕ್ಟರ್ ನೋಡಿ ಏನಿದು ಅಂತ ಕೇಳಿದ್ರು, ತೋರಿಸಿದ್ವಿ. ನಿಮ್ಮ ಗಾಡಿಗೆ ಹಾಕೋ ಮೊದಲು ನಿಮ್ಮ ಆರ್‌ಟಿಓನಲ್ಲೂ ಇನ್ಶೂರೆನ್ಸ್‌ನವರಲ್ಲೂ ಕೇಳಿಕೊಳ್ಳಿ. ವಿಶೇಷವಾಗಿ ಇನ್ಶೂರೆನ್ಸ್.

ಪ್ರಶ್ನೆ: ನಾನು ಕಾರಲ್ಲಿ ವರ್ಷಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಹೋಗ್ತೀನಿ. ನಾನೂ ಹಾಕಿಸಬೇಕಾ?

ಬೇಡ. ಕಾರಿಗೆ ಬೇಕಾಗಿದ್ದು 33 ಪಿಎಸ್‌ಐ ಸುತ್ತಮುತ್ತ, 28 ಆಗಿದ್ರೆ ಐದು ಏರಿಸಬೇಕು ಅಷ್ಟೇ. ನನ್ನ ಮೊದಲಿನ ಎರಡು ಸಾವಿರದ ಪಂಪ್ ನಿಮಗೆ ಸಾಕು, ಡಿಕ್ಕಿಯಲ್ಲಿ ಇಟ್ಕೊಳ್ಳಿ. ಹೊರಡೋ ಮುಂಚೆ ಬೆಳಗ್ಗೆ, ಟೈರ್ ತಣ್ಣಗಿದ್ದಾಗ ಅಳೆಯಿರಿ. ಖಂಬಾಟ್ಕಿ ಘಾಟ್ ದಾಟಿ ಬಿಸಿ ಟೈರಲ್ಲಿ ಅಳೆದು, ಜಾಸ್ತಿ ತೋರಿಸ್ತು ಅಂತ ಗಾಳಿ ಬಿಡಬೇಡಿ. ಮಾವನಿಗೂ ಇದನ್ನ ಹೇಳಿದ್ದೀನಿ. ಮನೆಯಿಂದ ವಾಶಿಗೆ ಹೋಗೋ ಅಷ್ಟರಲ್ಲಿ ಟೈರ್ ಬೆಚ್ಚಗಾಗಿರುತ್ತೆ, ಹಾಗಾಗಿ ಅಲ್ಲಿ ಮುಳ್ಳು 67, 68 ತೋರಿಸೋ ತನಕ ಹಾಕಿ ಅಂತ.

ಪ್ರಶ್ನೆ: ಗಾಳಿ ಸರಿ ಇದ್ರೆ ಇನ್ನೂ ಸ್ವಲ್ಪ ಜಾಸ್ತಿ ಲೋಡ್ ಹಾಕಬಹುದು ಅಲ್ವಾ?

ಮಾವ ಕೂಡ ಮೊದಲು ಕೇಳಿದ್ದು ಇದನ್ನೇ. ಇಲ್ಲ. ಟೈರ್ ಬದಿಯಲ್ಲಿ ಬರೆದ ಭಾರ, ಗರಿಷ್ಠ ಗಾಳಿ ಇದ್ದಾಗಿನ ಗರಿಷ್ಠ. ಗಾಳಿ ಸರಿ ಇಟ್ರೆ ನಿಮಗೆ ಆ ಗೆರೆಯ ತನಕ ಹೋಗೋ ಹಕ್ಕು ಬರುತ್ತೆ, ದಾಟೋದು ಅಲ್ಲ.

ಪ್ರಶ್ನೆ: ಮಾವ ನಿಜವಾಗಿ ದಿನಾ ಬಳಸ್ತಾರಾ?

ಮೊದಲ ಒಂದು ತಿಂಗಳು ಬಳಸಲಿಲ್ಲ. ನಾನು ಸಂಜೆ ಗೇಜ್ ಹಿಡಿದು ಹೋದ್ರೆ ಮತ್ತೆ 40. ಕೇಳಿದ್ರೆ, ಇವತ್ತು ತಡ ಆಯ್ತು, ಇವತ್ತು ಮಳೆ. ಆಮೇಲೆ ಒಂದು ವಾರ ಬಿಟ್ಟು ಹೋದಾಗ ಹೋಸಿನ ಗುರುತು, ವಾಲ್ವ್ ಕ್ಯಾಪ್ ಎಲ್ಲಾ ನೋಡಿದ್ರೆ ದಿನಾ ಬಳಸಿದ ಹಾಗೆ ಇತ್ತು. ಮಾವ ಬದಲಾದ್ರು ಅಂತ ಖುಷಿಪಟ್ಟೆ. ಗಾಳಿ ಹಾಕ್ತಾ ಇದ್ದಿದ್ದು ಆ ಹುಡುಗ. ಮಾವ ಮಾಲು ಎಣಿಸೋ ಹೊತ್ತಿಗೆ ಅವನು ಇಳಿದು, ಯಾರೂ ಹೇಳದೇ ಸ್ವಿಚ್ ಒತ್ತಿ, ಎಡಗಡೆ ಟೈರಿಂದ ಶುರು ಮಾಡ್ತಾನೆ. ಮುಳ್ಳು 65 ದಾಟೋ ತನಕ ಮೂಟೆಗೆ ಕೈ ಹಾಕಲ್ಲ. ಮಾವ ಬೈತಾರೆ, ಅವನು ಕೇಳಲ್ಲ.